ಕೊಡುವ ಕೈ, ಕೊಳ್ಳುವ ಕೈ

(ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಸೇರಿದ್ದ ದಶಲಕ್ಷಣ ಪರ್ವದ ಸಭೆಯಲ್ಲಿ, ಉತ್ತಮ ತ್ಯಾಗದ ದಿನ ಮಾಡಿದ ಉಪನ್ಯಾಸದ ಬರಹರೂಪ)



ಇಂದು ಪರ್ವದ ಎಂಟನೆಯ ದಿನ. ಉತ್ತಮ ತ್ಯಾಗದ ದಿನ ದಾನದ ಮಹಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ವಿವರಣೆಯನ್ನು ನೀವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೀರಿ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ನಗರದಲ್ಲಿ ಪರರ ಲೆಕ್ಕವನ್ನು ನೋಡುತ್ತ ಬಂದವನು. ಆದುದರಿಂದ ದಾನವನ್ನು ಲೆಕ್ಕದ ಪುಸ್ತಕದ ಕಡೆಯಿಂದ ನೋಡಲು ತಮ್ಮ ಅನುಮತಿಯನ್ನು ಬೇಡುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ನನ್ನ ತಮ್ಮನ ಮಗಳು ಕಾರಣ. ಅವಳು ಇಲ್ಲಿಯ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಕಳೆದ ಯುಗಾದಿಗೆ ಮನೆಗೆ ಬಂದಾಗ ಅವಳು ಕೇಳಿದಳು: "ದೊಡ್ಡಪ್ಪ, ನಮ್ಮ ಕಂಪನಿಯವರು ಹಳ್ಳಿಯ ಶಾಲೆಯೊಂದಕ್ಕೆ ಕೊಠಡಿಗಳನ್ನು ಕಟ್ಟಿಸಿಕೊಟ್ಟರು. ನಾವೆಲ್ಲ ಹೋಗಿ ಚಪ್ಪಾಳೆ ತಟ್ಟಿ ಬಂದೆವು. ಅದೇ ವರ್ಷ ನಮಗೆ ಸಂಬಳ ಹೆಚ್ಚಿಸಲಿಲ್ಲ, ನಮ್ಮ ಮಹಡಿಯನ್ನು ಗುಡಿಸುವ ಹೆಂಗಸರಲ್ಲಿ ಅರ್ಧದಷ್ಟು ಮಂದಿಯನ್ನು ತೆಗೆದರು. ಮೇಲಿನವರ ಸಂಭಾವನೆ ಮಾತ್ರ ದುಪ್ಪಟ್ಟಾಯಿತು. ಶಾಲೆ ಕಟ್ಟಿಸಿದ್ದು ಪುಣ್ಯವೇ, ಅಲ್ಲವೇ?" ನಾನು ಆಗ ಉತ್ತರಿಸಲಿಲ್ಲ. ಲೆಕ್ಕಪರಿಶೋಧಕನಿಗೆ ಪುಣ್ಯದ ಖಾತೆ ಗೊತ್ತಿಲ್ಲವೆಂದು ನಕ್ಕು ಜಾರಿಕೊಂಡೆ. ಇಂದು ಆ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಈ ಹತ್ತು ಧರ್ಮಗಳ ಕ್ರಮವನ್ನು ಒಮ್ಮೆ ನೆನೆಯಿರಿ. ಕ್ಷಮೆ, ಮಾರ್ದವ, ಆರ್ಜವ, ಶೌಚ, ಸತ್ಯ, ಸಂಯಮ, ತಪಸ್ಸು. ಇವೆಲ್ಲ ಮುಗಿದ ಮೇಲೆ ತ್ಯಾಗ. ಶೌಚವೆಂದರೆ ಲೋಭವಿಲ್ಲದಿರುವುದು. ಆರ್ಜವವೆಂದರೆ ಮನಸ್ಸು, ಮಾತು, ನಡೆಗಳು ನೇರವಾಗಿರುವುದು. ಶ್ರಾವಕನ ಷಟ್ಕರ್ಮಗಳಲ್ಲಿಯೂ ಸಂಯಮ ಮೊದಲು ಬರುತ್ತದೆ, ದಾನ ಕೊನೆಗೆ ಬರುತ್ತದೆ. ಇದರ ಅರ್ಥ ದಾನ ಕೀಳೆಂದಲ್ಲ. ನೇರವಾದ ಲೆಕ್ಕ, ಲೋಭದ ಮೇಲೆ ಹಿಡಿತ, ಸತ್ಯ, ಸಂಯಮ ಇವುಗಳನ್ನು ದಾಟಿ ಬಂದ ಕೈಯಿಂದ ಕೊಟ್ಟದ್ದು ಮಾತ್ರ ಉತ್ತಮ ತ್ಯಾಗವೆನಿಸುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಈ ನಗರವೇ ಸಾಕ್ಷಿಯಾಗಿದೆ.

ಇಲ್ಲಿ ಕುಳಿತಿರುವ ಅನೇಕರಿಗೆ 2009ರ ಜನವರಿ 7ರ ಬೆಳಗು ನೆನಪಿರಬೇಕು. ಅಂದು ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ನಿರ್ದೇಶಕ ಮಂಡಲಿಗೆ ಬರೆದ ಪತ್ರ ಹೊರಬಿತ್ತು. 1987ರಲ್ಲಿ ಆರಂಭವಾಗಿ, 50,000ಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿದ್ದ ಸಂಸ್ಥೆ ಅದು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಆ ಪತ್ರದಲ್ಲಿ ಒಪ್ಪಿಕೊಳ್ಳಲಾಗಿತ್ತು. ಷೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿಹೋಯಿತು. ನಮ್ಮ ಸಮಾಜದ ಹಲವು ಮನೆಗಳ ಉಳಿತಾಯವೂ ಅದರೊಡನೆ ಕರಗಿತು.

ಆದರೆ ನಾನು ಹೇಳಬೇಕೆಂದಿರುವುದು ಆ ದಿನಕ್ಕೆ ಹಿಂದಿನ ಕಥೆಯನ್ನು. ಆ ಕುಟುಂಬ 2001ರಲ್ಲಿ ತಮ್ಮ ತಂದೆಯ ಹೆಸರಿನಲ್ಲಿ ಬಿರ್ರಾಜು ಫೌಂಡೇಶನ್ ಸ್ಥಾಪಿಸಿ, ಆಂಧ್ರದ ಹಳ್ಳಿಗಳಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದ ಕೆಲಸಗಳನ್ನು ಮಾಡಿತು. 2005ರ ಆಗಸ್ಟ್ 15ರಂದು ಇದೇ ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು ಅವರ ಮುಂದಾಳತನದಿಂದಲೇ. 2008ರ ನವೆಂಬರಿನಲ್ಲಿ ಅದು 'ಆರೋಗ್ಯ ಕವಚ' ಎಂಬ ಹೆಸರಿನಿಂದ ಕರ್ನಾಟಕಕ್ಕೂ ಬಂತು. ಇಂದಿಗೂ ನಮ್ಮ ಊರುಗಳಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ, ರಸ್ತೆಯಲ್ಲಿ ಬಿದ್ದ ಗಾಯಾಳುವಿಗೆ ಆ ಸಂಖ್ಯೆಯೇ ಮೊದಲ ಆಸರೆ. ಈ ಒಳಿತು ಸುಳ್ಳಲ್ಲ. 2008ರ ಸೆಪ್ಟೆಂಬರಿನಲ್ಲಿ ಸತ್ಯಂಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯನ್ನೂ ಕೊಡಲಾಯಿತು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಈಗ ಸಂಬಳದ ಮಾತಿಗೆ ಬರೋಣ. ಲೆಕ್ಕವನ್ನು ಉಬ್ಬಿಸಿದ್ದರಿಂದ ತಾವಾಗಲಿ ವ್ಯವಸ್ಥಾಪಕ ನಿರ್ದೇಶಕರಾಗಲಿ ಹಣದ ಲಾಭ ಪಡೆದಿಲ್ಲ, ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂಬರ್ಥದ ಮಾತು ಆ ಪತ್ರದಲ್ಲಿತ್ತು. ವೇತನದ ಸಾಲನ್ನು ಮಾತ್ರ ನೋಡುವವನಿಗೆ ಇದು ನಿಜವೆಂದೇ ತೋರಬಹುದು. ಆದರೆ 2001ರಲ್ಲಿ ಕಾಲು ಪಾಲಿನಷ್ಟಿದ್ದ ಪ್ರವರ್ತಕರ ಷೇರು ಪಾಲು 2008ರ ಹೊತ್ತಿಗೆ ಶೇ. 9ರ ಸುಮಾರಿಗೆ ಇಳಿದಿತ್ತು. ಉಬ್ಬಿದ ಬೆಲೆಗೆ ಷೇರುಗಳನ್ನು ಮಾರಿ, ಒತ್ತೆಯಿಟ್ಟು ಗಳಿಸಿದ ಅಕ್ರಮ ಲಾಭವೆಂದು 1,849 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಹಿಂದಿರುಗಿಸುವಂತೆ 2014ರ ಜುಲೈನಲ್ಲಿ ಸೆಬಿ ಆದೇಶಿಸಿತು. ಮೇಲ್ಮನವಿಗಳ ಹಾದಿಯಲ್ಲಿ ಆ ಮೊತ್ತ ಮುಂದೆ ಬದಲಾಯಿತು. 2015ರ ಏಪ್ರಿಲ್ 9ರಂದು ವಿಶೇಷ ನ್ಯಾಯಾಲಯ ರಾಜು ಅವರೂ ಸೇರಿ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ 7 ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಮೇಲ್ಮನವಿಯ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡಿತು.

ಶ್ರಾವಕನ ಸತ್ಯಾಣುವ್ರತಕ್ಕೆ ಅತಿಚಾರಗಳನ್ನು ಎಣಿಸುವಾಗ ಆಚಾರ್ಯ ಉಮಾಸ್ವಾಮಿಗಳು 'ಕೂಟಲೇಖಕ್ರಿಯೆ'ಯನ್ನೂ 'ನ್ಯಾಸಾಪಹಾರ'ವನ್ನೂ ಹೆಸರಿಸಿದ್ದಾರೆ. ಒಂದು ಸುಳ್ಳು ಪತ್ರದ ಸೃಷ್ಟಿ. ಇನ್ನೊಂದು ನಂಬಿ ಇಟ್ಟ ಠೇವಣಿಯ ಅಪಹಾರ. ಇಲ್ಲದ ಠೇವಣಿಗಳಿಗೆ ರಸೀದಿಗಳನ್ನು ಸೃಷ್ಟಿಸಿದ ಪ್ರಕರಣಕ್ಕೆ ಇದಕ್ಕಿಂತ ಸರಿಯಾದ ಹೆಸರನ್ನು ಕಾನೂನಿನ ಪುಸ್ತಕದಲ್ಲಿಯೂ ನಾನು ಕಂಡಿಲ್ಲ. ಈ ಪ್ರಕರಣದಿಂದ ನಾನು ಕಲಿತದ್ದು ಎರಡು ಪಾಠ. ಎಷ್ಟು ದೊಡ್ಡ ದಾನವೂ ಲೆಕ್ಕದ ಸುಳ್ಳನ್ನು ತೊಳೆಯಲಾರದು ಎಂಬುದು ಒಂದು. ಮೇಲಿನವರು ಎಷ್ಟು ಕೊಳ್ಳುತ್ತಾರೆಂದು ತಿಳಿಯಲು ಸಂಬಳದ ಸಾಲೊಂದನ್ನು ನೋಡಿದರೆ ಸಾಲದು, ಷೇರುಗಳ ಸಾಲನ್ನೂ ನೋಡಬೇಕು ಎಂಬುದು ಇನ್ನೊಂದು.

ಈ ಹಗರಣದ ಕಾವು ಆರುವ ಮೊದಲೇ ಸಂಸತ್ತು ಕಂಪನಿ ಕಾಯ್ದೆ 2013ನ್ನು ಅಂಗೀಕರಿಸಿತು. ಅದರ 135ನೆಯ ಸೆಕ್ಷನ್ ಸಾಮಾಜಿಕ ಹೊಣೆಗಾರಿಕೆಯದು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅದೇ ಕಾಯ್ದೆಯ 197ನೆಯ ಸೆಕ್ಷನ್ ನಿರ್ದೇಶಕರ ಸಂಭಾವನೆಯದು. ಸಾರ್ವಜನಿಕ ಕಂಪನಿಯೊಂದು ತನ್ನ ನಿರ್ದೇಶಕರು ಮತ್ತು ವ್ಯವಸ್ಥಾಪಕರಿಗೆಲ್ಲ ಸೇರಿ ಆ ವರ್ಷದ ನಿವ್ವಳ ಲಾಭದ ಶೇ. 11ರವರೆಗೆ ಕೊಡಬಹುದು, ಒಬ್ಬ ವ್ಯವಸ್ಥಾಪಕ ನಿರ್ದೇಶಕನಿಗೆ ಶೇ. 5ರವರೆಗೆ.

ಗಮನಿಸಿ: ಎರಡೂ ಲೆಕ್ಕಗಳಿಗೆ ಲಾಭವನ್ನು ಅಳೆಯುವ ಕೋಲು ಒಂದೇ, ಅದೇ ಕಾಯ್ದೆಯ 198ನೆಯ ಸೆಕ್ಷನ್. ವರ್ಷವರ್ಷವೂ 100 ಕೋಟಿ ಲಾಭ ಗಳಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಶಾಲೆ, ಆಸ್ಪತ್ರೆ, ಕೆರೆ, ಕಾಡು, ಅನಾಥರು, ಅಂಗವಿಕಲರು ಎಲ್ಲರಿಗೂ ಸೇರಿ ಅದು ಕೊಡಬೇಕಾದದ್ದು 2 ಕೋಟಿ. ಮೇಲಿನ ಕುರ್ಚಿಯಲ್ಲಿ ಕುಳಿತ ಒಬ್ಬನೇ ವ್ಯಕ್ತಿ ಕೊಳ್ಳಬಹುದಾದದ್ದು 5 ಕೋಟಿ. ಒಂದು ಕೈ ಸಮಾಜಕ್ಕೆ ಕೊಡುವುದು, ಇನ್ನೊಂದು ಕೈ ತನಗಾಗಿ ಕೊಳ್ಳುವುದು, ಎರಡೂ ಒಂದೇ ಪಾತ್ರೆಯಿಂದ. ಎಲ್ಲ ಕಂಪನಿಗಳೂ ಆ ಮಿತಿಯವರೆಗೆ ಕೊಳ್ಳುತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಕಾನೂನು ಎಳೆದಿರುವ ಗೆರೆಗಳು ಎಲ್ಲಿವೆಯೆಂಬುದನ್ನು ನಾವು ತಿಳಿದಿರಬೇಕು.

ಆ ಗೆರೆಗಳೂ ಕಾಲಕಾಲಕ್ಕೆ ಸರಿದಿವೆ. ಮೊದಲು ಮಿತಿಯನ್ನು ಮೀರಿ ಸಂಭಾವನೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗಿತ್ತು. 2018ರ ಸೆಪ್ಟೆಂಬರಿನಿಂದ ಆ ಅನುಮತಿ ಬೇಕಿಲ್ಲ. ಷೇರುದಾರರು ವಿಶೇಷ ನಿರ್ಣಯದಿಂದ ಒಪ್ಪಿದರೆ ಸಾಕು. ಕೊಡುವ ಕೈಯ ಕಡೆಗೆ ಕಾನೂನು ಸ್ವಲ್ಪ ಬಿಗಿಯಾಯಿತೆಂಬುದನ್ನೂ ಹೇಳಬೇಕು. 2021ರ ಜನವರಿಯಿಂದ ಖರ್ಚಾಗದೆ ಉಳಿದ ಹಣವನ್ನು ಬೇರೆ ಖಾತೆಗೋ ಸರ್ಕಾರ ಸೂಚಿಸಿದ ನಿಧಿಗೋ ವರ್ಗಾಯಿಸಲೇಬೇಕು, ತಪ್ಪಿದರೆ ದಂಡ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯ ಮೂಲ ದರವನ್ನು, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ, ಶೇ. 22ಕ್ಕೆ ಇಳಿಸಲಾಯಿತು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈತಪ್ಪುವುದೆಂದು ಸರ್ಕಾರವೇ ಅಂದಾಜಿಸಿತ್ತು. ದೇಶದ ಎಲ್ಲ ಕಂಪನಿಗಳೂ ಸೇರಿ 2022-23ರಲ್ಲಿ ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಿದ್ದು ಸುಮಾರು 30,000 ಕೋಟಿ. ಹಕ್ಕಾಗಿ ಬರಬೇಕಾದ ತೆರಿಗೆ ಕಡಿಮೆಯಾಗಿ, ಕೃಪೆಯಾಗಿ ಬರುವ ಕಾಣಿಕೆಗೆ ಫಲಕ, ಹಾರ, ಭಾಷಣ ಹೆಚ್ಚಾಗುವ ರಾಜಕಾರಣವನ್ನು ನಾವು ಯಾವ ಪಕ್ಷದವರೇ ಆಗಿರಲಿ ಪ್ರಶ್ನಿಸಬೇಕು.

ಇನ್ನು ದಾನ ಯಾರದು ಎಂಬ ಪ್ರಶ್ನೆ. ತತ್ತ್ವಾರ್ಥಸೂತ್ರದಲ್ಲಿ ದಾನದ ಲಕ್ಷಣವನ್ನು ಹೇಳುವಾಗ 'ಸ್ವ' ಎಂಬ ಪದ ಬರುತ್ತದೆ. ಪರರ ಮತ್ತು ತನ್ನ ಹಿತಕ್ಕಾಗಿ ತನ್ನದನ್ನು ಬಿಡುವುದೇ ದಾನ. ತನ್ನದಲ್ಲದ್ದನ್ನು ಕೊಡುವುದು ವಿತರಣೆಯಾದೀತು, ಆಡಳಿತವಾದೀತು, ದಾನವಾಗದು. ಕಂಪನಿಯ ಹಣ ಷೇರುದಾರರದು, ಅದನ್ನು ದುಡಿದವರು ನೌಕರರು, ಖರ್ಚು ಮಾಡೆಂದು ವಿಧಿಸಿದ್ದು ಕಾನೂನು. ಹೀಗಿರುವಾಗ ಶಾಲೆಯ ಗೋಡೆಯ ಮೇಲೆ ದಾನಿಯೆಂದು ಮುಖ್ಯಸ್ಥರ ಹೆಸರು ಬರೆಯುವುದು ಹೇಗೆ ಸರಿ? ಅವರ ಸ್ವಂತದ್ದೆಂಬುದು ಅವರ ಸಂಬಳ, ಅವರ ಷೇರು. ಅದರಿಂದ ಕೊಟ್ಟರೆ ಅದು ಅವರ ದಾನ. ಅದನ್ನು ಮಿತಿಯಲ್ಲಿರಿಸಿಕೊಂಡರೆ ಅದು ಅವರ ಪರಿಗ್ರಹ ಪರಿಮಾಣ.

ನನ್ನ ವೃತ್ತಿಯ ಒಂದು ಅನುಭವವನ್ನು ಹೇಳುತ್ತೇನೆ; ಸಂಸ್ಥೆಯ ಹೆಸರು ಬೇಡ. ಹಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಲೆಕ್ಕ ನೋಡುತ್ತಿದ್ದೆ. ಗುತ್ತಿಗೆಯ ಕಾರ್ಮಿಕರ ಭವಿಷ್ಯನಿಧಿಯ ಕಂತುಗಳನ್ನು ಗುತ್ತಿಗೆದಾರ ಐದು ತಿಂಗಳಿಂದ ಕಟ್ಟಿರಲಿಲ್ಲ. ನಾನು ಅದನ್ನು ಎತ್ತಿ ತೋರಿಸಿದಾಗ, ಅದು ಗುತ್ತಿಗೆದಾರನ ತಲೆನೋವೆಂದು ಉತ್ತರ ಬಂತು. ಅದೇ ಕಡತದ ಮುಂದಿನ ಪುಟದಲ್ಲಿ ಆ ಕಾರ್ಮಿಕರ ಮಕ್ಕಳೇ ಓದುವ ಶಾಲೆಗೆ ಬೆಂಚುಗಳನ್ನು ಕೊಡುವ ಸಮಾರಂಭದ ಖರ್ಚಿತ್ತು: ಶಾಮಿಯಾನ, ಶಾಲು, ಛಾಯಾಚಿತ್ರಗಾರ. ಅದರ ಮುಂದಿನ ಪುಟದಲ್ಲಿ ನಿರ್ದೇಶಕರಿಗೆ ಲಾಭದ ಮೇಲಿನ ಕಮಿಷನ್. ಮೂರು ಪುಟಗಳಲ್ಲಿಯೂ ರುಜುವಾತುಗಳು ಸರಿಯಾಗಿದ್ದವು. ಭವಿಷ್ಯನಿಧಿಯ ಬಗ್ಗೆ ಒಂದು ಟಿಪ್ಪಣಿ ಬರೆದು ನಾನು ಸಹಿ ಹಾಕಿದೆ. ಆ ಮೂರು ಪುಟಗಳನ್ನು ಒಟ್ಟಿಗೆ ಓದಿ ಹೇಳಬೇಕೆಂದು ಆಗ ನನಗೆ ಧೈರ್ಯ ಬರಲಿಲ್ಲ. ಇಂದು ಇಲ್ಲಿ ನಿಂತು ಮಾತನಾಡುತ್ತಿರುವುದರಲ್ಲಿ ಆ ಮೌನದ ಪ್ರಾಯಶ್ಚಿತ್ತವೂ ಸ್ವಲ್ಪ ಇದೆ.

ಸ್ವಂತದ್ದನ್ನು ಕೊಟ್ಟವರ ಉದಾಹರಣೆಗಳು ನಮ್ಮ ಕಣ್ಣಮುಂದೆಯೇ ಇವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಅವರು 2019ರ ಮಾರ್ಚಿನಲ್ಲಿ ವಿಪ್ರೊದಲ್ಲಿ ತಮಗಿದ್ದ ಷೇರುಗಳ ಇನ್ನಷ್ಟು ಭಾಗದ ಆದಾಯವನ್ನು ತಮ್ಮ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. ಅಲ್ಲಿಗೆ ಹೀಗೆ ಬಿಟ್ಟುಕೊಟ್ಟದ್ದು ಕಂಪನಿಯ ಒಟ್ಟು ಷೇರುಗಳಲ್ಲಿ ಶೇ. 67ರಷ್ಟಾಯಿತು. ಅದು ಕಂಪನಿಯ ಶೇ. 2ರ ಲೆಕ್ಕಕ್ಕೆ ಸೇರಿದ್ದಲ್ಲ, ಅವರದೇ ಆದದ್ದು. ನಮ್ಮ ಪರಂಪರೆಯ ಅತ್ತಿಮಬ್ಬೆಯವರನ್ನೂ ನೆನೆಯಿರಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ತಾಯಿ ದಾನಚಿಂತಾಮಣಿಯಾದದ್ದು ತಮ್ಮ ಒಡವೆ, ತಮ್ಮ ಧನದಿಂದ. ಇಲ್ಲಿಂದ ಹೆಚ್ಚು ದೂರವಲ್ಲದ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ ತನ್ನ ಆದಿಪುರಾಣದಲ್ಲಿ ಹೇಳಿದ ಬಾಹುಬಲಿಯಾದರೂ ಏನನ್ನು ಬಿಟ್ಟ? ಅಣ್ಣನೊಡನೆ ಹೋರಿ, ಗೆದ್ದು, ಕೈಗೆ ಬಂದಿದ್ದ ರಾಜ್ಯವನ್ನು ಬಿಟ್ಟ. ಪರರ ರಾಜ್ಯವನ್ನು ಯಾರಿಗೋ ಹಂಚಿ ಅವನು ಗೊಮ್ಮಟನಾಗಲಿಲ್ಲ.

ಇದಕ್ಕೆ ಆಕ್ಷೇಪಗಳುಂಟು, ಅವನ್ನು ಕೇಳದೆ ಮುಂದೆ ಹೋಗುವುದು ಅನೇಕಾಂತವಾದಿಗಳಾದ ನಮಗೆ ತರವಲ್ಲ. ದೊಡ್ಡ ಕಂಪನಿಯನ್ನು ನಡೆಸಬಲ್ಲವರು ವಿರಳ, ಜಗತ್ತಿನ ಮಾರುಕಟ್ಟೆಯಲ್ಲಿ ಅವರಿಗೆ ಬೆಲೆಯಿದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಒಬ್ಬರ ತಪ್ಪು ನಿರ್ಧಾರದಿಂದ ಸಾವಿರಾರು ಮನೆಗಳ ಒಲೆ ಆರುತ್ತದೆ, ಒಬ್ಬರ ಸರಿಯಾದ ನಿರ್ಧಾರದಿಂದ ಹತ್ತಾರು ಸಾವಿರ ಮಂದಿಗೆ ಕೆಲಸ ಸಿಗುತ್ತದೆ. ಸಮಾನ ಸಂಬಳವನ್ನು ನಾನು ಕೇಳುತ್ತಿಲ್ಲ. ಆದರೆ ಅಂತರಕ್ಕೊಂದು ಎಲ್ಲೆ ಬೇಡವೇ? ಇನ್ಫೋಸಿಸ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ 2023-24ರಲ್ಲಿ ಸಂದ ಸಂಭಾವನೆ 66.25 ಕೋಟಿ ರೂಪಾಯಿ. ಅದರ ದೊಡ್ಡ ಭಾಗ ಷೇರುಗಳ ರೂಪದ್ದು. ನಮ್ಮ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಇಂಥ ಕಂಪನಿಗಳಿಗೆ ಸೇರುವಾಗ ದೊರೆಯುವ ವಾರ್ಷಿಕ ಸಂಬಳ ಎಷ್ಟೆಂಬುದು ಈ ಸಭೆಯ ತಂದೆತಾಯಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಳಗಿನವರಿಗೆ ಅಲ್ಪ ಏರಿಕೆ ಕೊಟ್ಟು ಮೇಲಿನವರಿಗೆ ಭಾರಿ ಏರಿಕೆ ಕೊಡುವುದು ಸರಿಯಲ್ಲವೆಂದು 2017ರ ಏಪ್ರಿಲಿನಲ್ಲಿ ಬಹಿರಂಗವಾಗಿ ಹೇಳಿದವರು ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರೇ. ಇದು ಕಾರ್ಮಿಕ ಸಂಘದ ಘೋಷಣೆಯಷ್ಟೇ ಅಲ್ಲ, ಕಂಪನಿ ಕಟ್ಟಿದವರಿಗೂ ಅನ್ನಿಸಿದ ಮಾತು.

ಮುಖ್ಯಸ್ಥರ ಸಂಭಾವನೆಯ ಒಂದು ಭಾಗವನ್ನು ಸಾಮಾಜಿಕ ಕೆಲಸದ ಗುರಿಗಳಿಗೆ ಕಟ್ಟಿಹಾಕಿದರೆ ಎರಡೂ ಕೈಗಳು ಒಂದಾಗುತ್ತವಲ್ಲವೇ ಎಂದು ಇನ್ನು ಕೆಲವರು ಕೇಳುತ್ತಾರೆ. ನನಗೆ ಇದರಲ್ಲಿ ಅರೆ ಒಪ್ಪಿಗೆ. ಎಷ್ಟು ಶಾಲೆ ಕಟ್ಟಿಸಿದಿರಿ, ಎಷ್ಟು ಗಿಡ ನೆಡಿಸಿದಿರಿ ಎಂಬುದಕ್ಕೆ ಬೋನಸ್ ಕೊಟ್ಟರೆ, ಪರರ ಹಣವನ್ನು ಕೊಟ್ಟದ್ದಕ್ಕೆ ತಾನು ದಲ್ಲಾಳಿ ಪಡೆದಂತಾಗುತ್ತದೆ. ತ್ಯಾಗವೂ ಒಂದು ವ್ಯಾಪಾರವಾಗುತ್ತದೆ. ಆದರೆ ಕಾರ್ಮಿಕರ ಜೀವರಕ್ಷಣೆ, ಕೂಲಿಯ ಪಾವತಿ, ಗುತ್ತಿಗೆಯವರ ಭವಿಷ್ಯನಿಧಿ, ಹೊರಗೆ ಬಿಡುವ ನೀರಿನ ಶುದ್ಧತೆ ಇವುಗಳಲ್ಲಿ ಲೋಪವಾದರೆ ಮೇಲಿನವರ ಸಂಭಾವನೆ ಕಡಿತವಾಗಬೇಕೆಂಬುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

2025ರ ಜೂನ್ 30ರಂದು ಇಲ್ಲಿಗೆ ಹತ್ತಿರದ ಪಾಶಮೈಲಾರಂ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಹೊರ ರಾಜ್ಯಗಳಿಂದ ದುಡಿಯಲು ಬಂದವರು. ಕಾರಣದ ವಿಚಾರಣೆ ಅದರ ಪಾಡಿಗಿರಲಿ, ನಾನು ತೀರ್ಪು ಹೇಳುವವನಲ್ಲ. ಆದರೆ ಲೆಕ್ಕದವನಾಗಿ ಒಂದು ಸಂಗತಿಯನ್ನು ಹೇಳಬಲ್ಲೆ. ಕಂಪನಿಯೊಂದು ತನ್ನ ನೌಕರರ ಸುರಕ್ಷತೆಗೆ ಮಾಡುವ ಖರ್ಚು ಸಾಮಾಜಿಕ ಹೊಣೆಗಾರಿಕೆಯ ಶೇ. 2ರಲ್ಲಿ ಸೇರುವುದಿಲ್ಲ. ಅದು ದಿನನಿತ್ಯದ ವ್ಯವಹಾರದ ಕರ್ತವ್ಯವೆಂದು ಕಾನೂನು ಸರಿಯಾಗಿಯೇ ಬಗೆದಿದೆ. ಹೀಗಾಗಿ ಅದಕ್ಕೆ ಫಲಕವಿಲ್ಲ, ಹಾರವಿಲ್ಲ, ವರದಿಯಲ್ಲಿ ಬಣ್ಣದ ಚಿತ್ರವಿಲ್ಲ. ಅದನ್ನು ಉಳಿಸಿದರೆ ಲಾಭ ಹೆಚ್ಚಿ, ಲಾಭದ ಮೇಲಿನ ಕಮಿಷನ್ನೂ ಹೆಚ್ಚುತ್ತದೆ. ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಮೊದಲು ಕೇಳಬೇಕಾದದ್ದು ಈ ಖರ್ಚನ್ನು.

ಇಷ್ಟು ಹೊತ್ತು ಪರರ ಮನೆಯನ್ನು ಗುಡಿಸಿದೆವು. ಈಗ ನಮ್ಮ ಮನೆಗೆ ಬರೋಣ. ಪಂಚಕಲ್ಯಾಣದಲ್ಲಿ, ಅಭಿಷೇಕದಲ್ಲಿ ಮೊದಲ ಕಲಶಕ್ಕೆ ಸವಾಲು ಕೂಗುತ್ತೇವೆ. ಹೆಚ್ಚು ಕೂಗಿದವರಿಗೆ ಪೇಟ ತೊಡಿಸಿ, 'ದಾನಚಿಂತಾಮಣಿ' ಎಂಬಂಥ ಬಿರುದುಗಳನ್ನು ಧಾರಾಳವಾಗಿ ಹಂಚುತ್ತೇವೆ. ಆ ಹಣ ನ್ಯಾಯದಿಂದ ಬಂದದ್ದೇ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಅಮಂಗಳವೆಂದು ಭಾವಿಸುತ್ತೇವೆ. ಆದರೆ ಸಾಗಾರ ಧರ್ಮಾಮೃತವನ್ನು ಬರೆದ ಪಂಡಿತ ಆಶಾಧರರು ಶ್ರಾವಕನಾಗಲು ತಕ್ಕವನ ಗುಣಗಳನ್ನು ಎಣಿಸುವಾಗ ಮೊದಲಿಗೆ ಹೇಳಿದ್ದೇ ನ್ಯಾಯದಿಂದ ಗಳಿಸಿದ ಧನವನ್ನು. ಅದೇ ಬಸದಿಯಲ್ಲಿ ನಿತ್ಯ ಪೂಜೆ ಮಾಡುವ ಇಂದ್ರರಿಗೆ, ಉಪಾಧ್ಯೆಯವರಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ? ನಮ್ಮವರು ನಡೆಸುವ ಶಾಲೆಯ ಶಿಕ್ಷಕಿಗೆ ರಸೀದಿಯಲ್ಲಿ ಬರೆದಷ್ಟು ಸಂಬಳ ಕೈಗೆ ಸಿಗುತ್ತದೆಯೇ? ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತು ದುಡಿದ ಗುಮಾಸ್ತನಿಗೆ ಮುದಿತನದಲ್ಲಿ ಏನಿದೆ? ಅವನ ಕೂಲಿಯಲ್ಲಿ ಉಳಿಸಿ ಕಲಶದಲ್ಲಿ ಸುರಿದರೆ ಅದು ಯಾರ ದಾನ? ನನ್ನ ಎಣಿಕೆಯಲ್ಲಿ ಅದು ಆ ಗುಮಾಸ್ತನದು.

ಹಾಗಾದರೆ ಮಾಡಬೇಕಾದದ್ದೇನು? ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಓದುವುದು. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಷೇರುಗಳಿವೆ. ಬೇಸಿಗೆ ಕಳೆಯುತ್ತಿದ್ದಂತೆ ಕಂಪನಿಯ ವಾರ್ಷಿಕ ವರದಿ ಇಮೇಲಿಗೆ ಬರುತ್ತದೆ, ತೆರೆಯದೆಯೇ ಅಳಿಸುತ್ತೇವೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ತನ್ನ ಪ್ರತಿ ನಿರ್ದೇಶಕನ ಸಂಭಾವನೆ ನೌಕರರ ನಡುವಣ ಸಂಬಳದ ಎಷ್ಟು ಪಟ್ಟು ಎಂಬುದನ್ನು ಪ್ರಕಟಿಸಲೇಬೇಕು. ನೌಕರರೆಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಸಂಬಳವೇ ಈ ನಡುವಣ ಸಂಬಳ. 2022-23ರಿಂದ ಮೊದಲ 1,000 ದೊಡ್ಡ ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ ಗಂಡಸರ, ಹೆಂಗಸರ ಸಂಬಳಗಳನ್ನೂ ಸುರಕ್ಷತೆಯ ವಿವರಗಳನ್ನೂ ಕೊಡಬೇಕಾಗಿದೆ. ಸಾಮಾಜಿಕ ಹೊಣೆಗಾರಿಕೆಯ ಪುಟ, ಸಂಭಾವನೆಯ ಪುಟ, ಸುರಕ್ಷತೆಯ ಪುಟ ಈ ಮೂರನ್ನು ಒಟ್ಟಿಗೆ ಓದಿ. ನಾನು ಅಂದು ಮಾಡದೆ ಬಿಟ್ಟದ್ದು ಇದನ್ನೇ.

ಎರಡನೆಯದು, ಮತ ಹಾಕುವುದು. ಸಂಭಾವನೆಯ ವಿಶೇಷ ನಿರ್ಣಯಕ್ಕೆ ಚಲಾಯಿತ ಮತಗಳಲ್ಲಿ ಮುಕ್ಕಾಲು ಪಾಲು ಒಪ್ಪಿಗೆ ಬೇಕು. 2021ರ ಆಗಸ್ಟಿನಲ್ಲಿ ಐಷರ್ ಮೋಟರ್ಸ್‌ನ ವ್ಯವಸ್ಥಾಪಕ ನಿರ್ದೇಶಕರ ಮರುನೇಮಕ ಮತ್ತು ಸಂಭಾವನೆಯ ನಿರ್ಣಯ, ಕಾಲು ಪಾಲಿಗಿಂತ ತುಸು ಹೆಚ್ಚು ಮತಗಳು ವಿರುದ್ಧ ಬಿದ್ದದ್ದರಿಂದ ಸೋತಿತು. ಬಳಿಕ ಮಂಡಲಿಯು ಸಂಭಾವನೆಯ ಮಿತಿಯನ್ನು ಇಳಿಸಿ ಮತ್ತೆ ಒಪ್ಪಿಗೆ ಪಡೆಯಿತು. ಅಲ್ಲಿ ದೊಡ್ಡ ಹೂಡಿಕೆ ಸಂಸ್ಥೆಗಳ ಮತವೇ ಮುಖ್ಯವಾಗಿತ್ತು, ನಿಜ. ಆದರೆ ಆ ಸಂಸ್ಥೆಗಳಲ್ಲಿರುವುದೂ ನಮ್ಮ ನಿಮ್ಮ ಮ್ಯೂಚುವಲ್ ಫಂಡಿನ ಹಣವೇ. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಮುಗಿಯುವ ಕೆಲಸವಿದು.

ಮೂರನೆಯದು, ನಮ್ಮ ಸಂಸ್ಥೆಗಳಲ್ಲಿ ಕ್ರಮವನ್ನು ಸರಿಪಡಿಸುವುದು. ಕಂಪನಿಯ ಹಣದಿಂದ ಬಂದ ನೆರವಿಗೆ ಕಂಪನಿಯ ಹೆಸರನ್ನೇ ಬರೆಯೋಣ. ವ್ಯಕ್ತಿಯ ಹೆಸರು ಬೇಡ. ಸವಾಲಿನ ಹಣದಲ್ಲಿ ಒಂದು ಭಾಗವನ್ನು ಮೊದಲು ಬಸದಿಯ, ಶಾಲೆಯ ಸಿಬ್ಬಂದಿಯ ಸಂಬಳ ಮತ್ತು ವೃದ್ಧಾಪ್ಯದ ನಿಧಿಗೆ ತೆಗೆದಿಡೋಣ. ನಮ್ಮ ಯಾವುದೇ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ದಾನಿಗಳ ಪಟ್ಟಿಯನ್ನು ಓದುವ ಮೊದಲು ಸಿಬ್ಬಂದಿಗೆ ಎಷ್ಟು ಕೊಟ್ಟೆವೆಂಬುದನ್ನು ಓದೋಣ.

ಕೊನೆಗೆ, ನನ್ನ ತಮ್ಮನ ಮಗಳ ಪ್ರಶ್ನೆ. ಮಗೂ, ಶಾಲೆ ಕಟ್ಟಿಸಿದ್ದು ಒಳ್ಳೆಯದೇ. ಆ ಕೊಠಡಿಯಲ್ಲಿ ಕುಳಿತು ಓದುವ ಮಕ್ಕಳಿಗೆ ಅದು ನಿಜವಾದ ಒಳಿತು, ಅದನ್ನು ಅಲ್ಲಗಳೆಯಬೇಡ. ಆದರೆ ಅದನ್ನು ನಿಮ್ಮ ಮುಖ್ಯಸ್ಥರ ಪುಣ್ಯವೆನ್ನಬೇಡ. ಅದು ಕಾನೂನು ವಿಧಿಸಿದ ಸಲ್ಲಿಕೆ. ಅವರ ಪುಣ್ಯಪಾಪಗಳ ಲೆಕ್ಕ ಇರುವುದು ಬೇರೆ ಪುಟದಲ್ಲಿ. ಮಹಡಿ ಗುಡಿಸುವ ಹೆಂಗಸರನ್ನು ತೆಗೆದ ವರ್ಷ ಅವರು ತಮಗಾಗಿ ಎಷ್ಟು ತೆಗೆದುಕೊಂಡರೆಂಬ ಪುಟ ಅದು. ನಿನಗೂ ಒಂದು ದಿನ ಮೇಲಿನ ಕುರ್ಚಿ ಸಿಗಬಹುದು. ಆಗ ಕೊಡುವುದು ಎಷ್ಟೆಂದು ನಿರ್ಧರಿಸುವ ಮೊದಲು, ಕೊಳ್ಳುವುದು ಎಷ್ಟೆಂದು ನಿರ್ಧರಿಸು.

ಉತ್ತಮ ತ್ಯಾಗದ ಮರುದಿನ ನಾವು ಆಚರಿಸುವುದು ಉತ್ತಮ ಆಕಿಂಚನ್ಯವನ್ನು, ಯಾವುದೂ ನನ್ನದಲ್ಲವೆಂಬ ಅರಿವನ್ನು. ಗೃಹಸ್ಥರಾದ ನಮಗೆ ಆ ಎತ್ತರ ಇಂದೇ ಎಟುಕದು. ಯಾವುದು ನನ್ನದು, ಯಾವುದು ನನ್ನದಲ್ಲ ಎಂಬ ಲೆಕ್ಕವನ್ನಾದರೂ ನೇರವಾಗಿ ಬರೆದಿಡೋಣ. ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ, ಈ ಪರ್ವಕಾಲದಲ್ಲಿ ಕ್ಷಮೆಯನ್ನು ಬೇಡುತ್ತೇನೆ.

ಜೈ ಜಿನೇಂದ್ರ.